ಕಡಲಾಚೆಯ ಬಯಲಾಟ

ಬಯಲಾಟವು ಕಡಲನ್ನು ದಾಟಿದುದು ಈಗ ಹಳೆಯ ಸುದ್ದಿ. ಆದರೆ ಅದು ಏನನ್ನು ಹೊತ್ತುಕೊಂಡು ದಾಟಿತು, ಏನನ್ನು ಈ ದಡದಲ್ಲಿಯೇ ಇಳಿಸಿಹೋಯಿತು ಎಂಬ ಲೆಕ್ಕವು ಮಾತ್ರ ಇನ್ನೂ ತೀರಿಲ್ಲ.

ಕುಮಟೆಯ ಬಳಿಯ ಹೊಳನಗದ್ದೆಯಂತಹ ಊರಿನವರಿಗೆ ಆಟವೆಂದರೆ ಕೊಯ್ಲು ಮುಗಿದ ಗದ್ದೆ, ಚಾಪೆ ಹಾಸಿ ಕುಳಿತ ಜನ, ಬೆಳಕು ಹರಿಯುವ ತನಕ ಸಾಗುವ ಪ್ರಸಂಗ. ಪರದೇಶದ ರಂಗಮಂದಿರದಲ್ಲಿ ಇದಕ್ಕೆ ಎಡೆಯಿಲ್ಲ. ಎರಡು ಗಂಟೆಯಾಗುತ್ತಲೇ ತೆರೆ ಬೀಳಬೇಕು. ನೋಡುವವನಿಗೆ ಭಾಷೆಯೂ ತಿಳಿಯದು. ಹೀಗಾಗಿ ಕುಣಿತವು ಮುಂದಕ್ಕೆ ಬಂದು ಮಾತು ಹಿಂದಕ್ಕೆ ಸರಿಯುವುದು ಸಹಜವೇ.

ಮಾತನ್ನು ಪೂರ್ತಿಯಾಗಿಯೇ ಬಿಟ್ಟು ನೋಡಿದವರು ಶಿವರಾಮ ಕಾರಂತರು. ಅವರು ಕಟ್ಟಿದ 'ಯಕ್ಷರಂಗ'ವು ಭಾಗವತರ ಹಾಡು, ವೇಷ, ಹೆಜ್ಜೆಗಳಿಂದಲೇ ಕಥೆಯನ್ನು ನಡೆಯಿಸಿತು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನುಗಳೂ ಬಂದವು. ಇದನ್ನು 'ಬ್ಯಾಲೆ'ಯೆಂದೇ ಕರೆದರು, ಹೊರದೇಶಗಳಿಗೂ ಒಯ್ದರು. 'ಯಕ್ಷಗಾನ ಬಯಲಾಟ' ಗ್ರಂಥಕ್ಕಾಗಿ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ವಿದ್ವಾಂಸರ ಕೆಲಸವಿದು, ಅರಿಯದವರ ಚೇಷ್ಟೆಯಲ್ಲ. ಪಾಶ್ಚಾತ್ಯರಲ್ಲಿಯೂ ಇಂತಹ ಕಳಚುವಿಕೆ ನಡೆದಿದೆ. ಸ್ಟ್ರಾವಿನ್ಸ್ಕಿಯ ಸಂಗೀತಕ್ಕೆ ಬಾಲಂಚೀನನು ಸಂಯೋಜಿಸಿದ 'ಅಪೊಲೊ' ನೃತ್ಯವು 1928ರಲ್ಲಿ ಪ್ಯಾರಿಸಿನಲ್ಲಿ ರಂಗವೇರಿತು. ಬರುಬರುತ್ತ ಅವನು ಅದರ ಉಡುಗೆ, ದೃಶ್ಯಪರಿಕರಗಳನ್ನು ಕಡಮೆಮಾಡಿದನು. 1979ರಲ್ಲಿ ನಾಯಕನ ಜನನದ ದೃಶ್ಯವನ್ನೂ ತೆಗೆದುಹಾಕಿದನು. ಆದರೂ ಬ್ಯಾಲೆಗೆ ಹಾನಿಯಾಗಲಿಲ್ಲ. ಅದರ ಜೀವವಿದ್ದುದು ಹೆಜ್ಜೆಯಲ್ಲಿಯೇ.

ಯಕ್ಷಗಾನದ ಸ್ಥಿತಿ ಬೇರೆ. ಇಲ್ಲಿ ಪದ್ಯ ಕವಿಯದು, ಅರ್ಥ ವೇಷಧಾರಿಯದು. ಅದೇ ಪದ್ಯಕ್ಕೆ ಒಬ್ಬನ ಕೌರವನು ಛಲವನ್ನಾಡಿದರೆ, ಇನ್ನೊಬ್ಬನ ಕೌರವನು ತಮ್ಮಂದಿರನ್ನು ಕಳೆದುಕೊಂಡ ಅಣ್ಣನ ಅಳಲನ್ನಾಡುತ್ತಾನೆ. ಬರೆದಿಡದ, ಆ ರಾತ್ರಿಗೆ ಮಾತ್ರ ಹುಟ್ಟುವ ಈ ಮಾತನ್ನು ಕಳೆದ ಮೇಲೆ ಉಳಿಯುವುದು ಮನೋಹರವಾದರೂ ಅರ್ಧಾಂಗವೇ. ಕಾರಂತರ ಪ್ರಯೋಗದಿಂದ ರಾಗಕ್ಕೂ ಹೆಜ್ಜೆಗೂ ಗೌರವ ಬಂದಿತೆಂಬುದನ್ನು ಒಪ್ಪಿಯೂ ಇದನ್ನು ಹೇಳಬೇಕಾಗುತ್ತದೆ.

ಹೊನ್ನಾವರ ಸೀಮೆಯ ಕೆರೆಮನೆ ಮೇಳವು ಇನ್ನೊಂದು ದಾರಿಯನ್ನು ಹಿಡಿಯಿತು. ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಅವರ ಮಗ ಶಂಭು ಹೆಗಡೆಯವರು ಬೆಳೆಸಿದರು. ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಕಲಿತುಬಂದವರಾದರೂ ಅವರು ಬಡಗುತಿಟ್ಟಿನ ಚೌಕಟ್ಟನ್ನು ಮುರಿಯಲಿಲ್ಲ. ಮಾತನ್ನು ಮೊಟಕುಮಾಡಿದರು, ಕೈಬಿಡಲಿಲ್ಲ. ಅವರ ಅಭಿನಯದಲ್ಲಿ ಒಂದು ನಿಲುವು, ಒಂದು ಮೌನ ಸಹ ಮುಂದಿನ ಮಾತಿಗೆ ಪೀಠಿಕೆಯಾಗುತ್ತಿತ್ತು. ಅಮೆರಿಕ, ಚೀನ, ಸ್ಪೇನುಗಳವರೆಗೆ ಹೋಗಿಬಂದಿರುವ ಈ ಮೇಳದ ದಾರಿಯೇ ಹೆಚ್ಚು ಯುಕ್ತವೆಂದು ತೋರುತ್ತದೆ.

ಚಿಂತೆಯ ವಿಷಯವು ಹೋದುದರಲ್ಲಿಲ್ಲ, ಹಿಂದಿರುಗಿದುದರಲ್ಲಿದೆ. ಎರಡು ಮೂರು ಗಂಟೆಗಳ ಆಟವು ಈಗ ತವರಿನಲ್ಲಿಯೂ ರೂಢಿಯಾಗಿದೆ. (ನಿದ್ದೆಗೆಡಲೊಲ್ಲದ ಪ್ರೇಕ್ಷಕನದೂ ಇದರಲ್ಲಿ ಪಾಲುಂಟು.) ತಾಳಮದ್ದಳೆಯಲ್ಲಿ ಅರ್ಥಗಾರಿಕೆ ಬದುಕಿದೆಯೆಂದು ಸಮಾಧಾನ ಹೇಳುವವರಿದ್ದಾರೆ, ಅದು ನಿಜ. ಆದರೆ ಅಲ್ಲಿ ಕುಳಿತು ಆಡುವ ಮಾತೇ ಬೇರೆ, ಗೆಜ್ಜೆ ಕಟ್ಟಿ, ಕುಣಿದು, ಏದುಸಿರನ್ನು ಅಡಗಿಸಿ ಆಡುವ ಮಾತೇ ಬೇರೆ. ಹಿರಿಯರು ರಾತ್ರಿಯಿಡೀ ಆಡುವುದನ್ನು ಕೇಳಿ ಕೇಳಿಯೇ ಎಳೆಯ ವೇಷಧಾರಿಯು ಅದನ್ನು ಕಲಿಯಬೇಕು.

ಪರದೇಶಕ್ಕೆ ಹೊರಡುವ ಮೇಳಗಳು ಸಾಲುಸಾಲಾಗಿ ಯುದ್ಧನೃತ್ಯಗಳನ್ನು ತೋರಿಸುವ ಬದಲು, ಕಥಾಸಾರವನ್ನು ಅಚ್ಚುಹಾಕಿಸಿ ಹಂಚಿ, ಒಂದೇ ಒಂದು ಸಂವಾದವನ್ನಾದರೂ ಕನ್ನಡದಲ್ಲಿ ಪೂರ್ತಿಯಾಗಿ ಆಡಿಸಿ ನೋಡಬಹುದು. ತಿಳಿಯದ ಇಟಾಲಿಯನ್ ಹಾಡನ್ನು ಮೂರು ಗಂಟೆ ಕುಳಿತು ಕೇಳುವ ಆ ಪ್ರೇಕ್ಷಕರು ಕೌರವನ ಕಾಲು ಗಂಟೆಯ ಮಾತಿಗೆ ಎದ್ದುಹೋಗಲಾರರು.