ನೆರಳಿನಲ್ಲಿ ಅಳೆದ ಬಿಸಿಲು

ಪ್ರತಿ ಬೇಸಿಗೆಗೂ ಬೆಂಗಳೂರಿನ ಪತ್ರಿಕೆಗಳಲ್ಲಿ ಒಂದು ಶೋಕಗೀತೆ ಶುರುವಾಗುತ್ತದೆ. ಫ್ಯಾನೇ ಬೇಡದಿದ್ದ ಮನೆಗಳು, ಸಂಜೆ ಹೊದೆಯುತ್ತಿದ್ದ ಶಾಲು, ಸಾಲುಮರದ ಕೆಳಗಿನ ವಾಕಿಂಗು, ಪಿಂಚಣಿದಾರರ ಸ್ವರ್ಗ, ಎಲ್ಲಾ ಹೋಯ್ತು ಎಂಬ ಗೋಳು. ಅಂಕಣಕಾರರು ಬರೆಯುತ್ತಾರೆ, ಕವಿಗಳೂ ಬರೆಯುತ್ತಾರೆ. ಈ ಬರಹಗಳನ್ನು ನಾವು ಸುಮ್ಮನೆ ಹವಾಮಾನದ ಮಾತು ಎಂದು ಬಿಡಬಾರದು. ಸಾಹಿತ್ಯವೆಂದೇ ಓದಿ ತೂಗಬೇಕು. ತೂಗಿದರೆ ಕಾಣುವುದು ಇಷ್ಟು: ಇಲ್ಲಿ ತಂಪು ಇದೆ, ತಂಪನ್ನು ಉಂಡವರು ಇದ್ದಾರೆ. ಬಿಸಿಲಲ್ಲಿ ನಿಂತವರು ಇಲ್ಲ.

‘ನಮ್ಮ ಬೆಂಗಳೂರಿನ ತಂಪು’ ಅಂತಾರೆ. ಈ ‘ನಮ್ಮ’ ಅಂದರೆ ಯಾರು?

1898ರಲ್ಲಿ ಊರಿಗೆ ಪ್ಲೇಗು ಬಡಿಯಿತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಅಗಲ ಬೀದಿ, ಬೀದಿಗೆ ಮರ, ಮನೆಗೆ ಹಿತ್ತಲು. ಆದರೆ ಆ ನಿವೇಶನಗಳು ಬಹುಪಾಲು ಸೇರಿದ್ದು ಮೇಲುಜಾತಿಯ, ಸರ್ಕಾರಿ ನೌಕರಿಯ ಕೈಗೆ. ಅತ್ತ ದಂಡಿನಲ್ಲಿ ದೊರೆಗಳ ಬಂಗಲೆ, ಬಂಗಲೆ ಸುತ್ತ ತೋಟ. ಆ ತೋಟಕ್ಕೆ ನೀರು ಹೊತ್ತವರು, ಆ ಬೀದಿ ಗುಡಿಸಿದವರು, ಆ ಮನೆಗಳ ಮಲ ಹೊತ್ತವರು ರಾತ್ರಿ ಮಲಗಿದ್ದು ಕೇರಿಯ ತಗ್ಗಿನಲ್ಲಿ. ಅಂದರೆ ನೆರಳು ಕೂಡ ಈ ಊರಿನಲ್ಲಿ ನಿವೇಶನದ ಜೊತೆ ಹಂಚಿಕೆಯಾದ ಆಸ್ತಿ. ಉದ್ಯಾನನಗರಿಯ ಉದ್ಯಾನ ಕೇರಿಯ ತನಕ ಬರಲೇ ಇಲ್ಲ. ಇಲ್ಲದ್ದನ್ನು ಕಳೆದುಕೊಂಡೆವು ಅಂತ ಕೇರಿಯವರು ಹೇಗೆ ಅಳಬೇಕು?

ಶೋಕಗೀತೆಯ ಎರಡನೆಯ ಚರಣ ಇನ್ನೂ ಕೆಟ್ಟದ್ದು. ಹೊರಗಿನವರು ಬಂದು ಊರು ಕೆಡಿಸಿದರು ಅನ್ನುತ್ತದೆ. 1951ರಲ್ಲಿ ಸುಮಾರು 8 ಲಕ್ಷವಿದ್ದ ಜನ 2011ಕ್ಕೆ 84 ಲಕ್ಷ ದಾಟಿದ್ದು ನಿಜ. ಆದರೆ ಧರ್ಮಾಂಬುಧಿ ಕೆರೆಯನ್ನು ಮೆಜೆಸ್ಟಿಕ್ ಬಸ್ ನಿಲ್ದಾಣ ಮಾಡಿದ್ದು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಕಟ್ಟಿಸಿದ್ದು, ಅಕ್ಕಿತಿಮ್ಮನಹಳ್ಳಿ ಕೆರೆಯನ್ನು ಹಾಕಿ ಮೈದಾನ ಮಾಡಿದ್ದು ಗುಳೆ ಬಂದ ಕೂಲಿಯವನಲ್ಲ. ನಕ್ಷೆಗೆ ರುಜು ಹಾಕುವ ಕೈಗಳು ಬೇರೆ, ಕಲ್ಲು ಹೊರುವ ಕೈಗಳು ಬೇರೆ.

ಇದರಲ್ಲಿ ಗುಟ್ಟೇನೂ ಇಲ್ಲ, ಮೇಷ್ಟ್ರು ಮಕ್ಕಳಿಗೆ ಹೇಳಿಕೊಡಬಹುದಾದ ಪಾಠ. ಕೆರೆಯ ನೀರು ಆವಿಯಾಗುವಾಗ ಸುತ್ತಲ ಬಿಸಿಯನ್ನು ಹೀರುತ್ತದೆ. ಮರದ ಎಲೆಯೂ ಅದನ್ನೇ ಮಾಡುತ್ತದೆ. ಡಾಂಬರು, ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕಕ್ಕುತ್ತವೆ. ಎ.ಸಿ. ಯಂತ್ರವು ಕೋಣೆಯ ಒಳಗಿನ ಬಿಸಿಯನ್ನು ತೆಗೆದು ಬೀದಿಗೆ ಎಸೆಯುತ್ತದೆ, ತಾನು ಓಡುವ ಬಿಸಿಯನ್ನೂ ಜೊತೆಗೆ ಸೇರಿಸಿ. ಹಳ್ಳಿಗಿಂತ ನಗರದ ರಾತ್ರಿ ಬೆಚ್ಚಗೆ ಎಂಬುದನ್ನು ಲಂಡನ್ನಿನ ಲ್ಯೂಕ್ ಹೊವರ್ಡ್ 1818ರಷ್ಟು ಹಿಂದೆಯೇ ಅಳೆದು ಬರೆದಿಟ್ಟ. ಎರಡು ಶತಮಾನದಿಂದ ಗೊತ್ತಿದ್ದ ಸಂಗತಿ ಇದು. ಗೊತ್ತಿದ್ದೂ ಕಟ್ಟಿದರು.

ಇನ್ನು ಅಂಕಿಯ ಮಾತು. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಎಂದು ದಾಖಲಾಯಿತು. 2024ರ ಏಪ್ರಿಲ್ 28ರಂದು 38.5. ಬಯಲು ಸೀಮೆಯಲ್ಲಿ ಬಿಸಿಗಾಳಿ ಎಂದು ಸಾರಬೇಕಾದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕನಿಷ್ಠ 40 ಮುಟ್ಟಬೇಕು. ಆ ಎರಡು ದಿನವೂ ಮುಟ್ಟಲಿಲ್ಲ. ಆದರೆ ಈ ಅಂಕಿ ಹುಟ್ಟುವುದು ಎಲ್ಲಿ? ಹುಲ್ಲುನೆಲದ ಮೇಲೆ, ಎದೆಮಟ್ಟದಲ್ಲಿ ನಿಲ್ಲಿಸಿದ ಬಿಳಿ ಬಣ್ಣದ ಪೆಟ್ಟಿಗೆಯ ಒಳಗೆ. ಪೆಟ್ಟಿಗೆಗೆ ನಾಲ್ಕೂ ಕಡೆ ಗಾಳಿ ಆಡುವ ಪಟ್ಟಿಗಳು. ಪಾದರಸಕ್ಕೆ ಬಿಸಿಲು ತಾಗಬಾರದು. ಊರಿಂದೂರಿಗೆ ಹೋಲಿಸಿ ನೋಡಲು ವಿಜ್ಞಾನಕ್ಕೆ ಇಂಥ ಕಟ್ಟುಪಾಡು ಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಹುಲ್ಲಿನ ಮೇಲೆ, ನೆರಳಿನಲ್ಲಿ, ಗಾಳಿಯಾಡುವ ಬಿಳಿ ಮನೆಯಲ್ಲಿ ಅಳೆದ ಬಿಸಿಲೇ ಊರಿನ ಬಿಸಿಲು ಅನ್ನುವುದು ಮಾತ್ರ ಮೋಸ. ಪೌರಕಾರ್ಮಿಕರ ಬಿಸಿಲು ಡಾಂಬರಿನ ಮೇಲಿನದು. ಅವರಲ್ಲಿ ಹೆಚ್ಚಿನವರು ದಲಿತರು, ಹೆಂಗಸರು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗುಳೆ ಬಂದವರ ಬಿಸಿಲು ತಗಡಿನ ಶೆಡ್ಡಿನ ಒಳಗಿನದು. ಹಗಲು ಅವರೇ ಸುರಿದ ಕಾಂಕ್ರೀಟು ರಾತ್ರಿ ಅವರ ಮೇಲೇ ಬಿಸಿ ಕಕ್ಕುತ್ತದೆ. ಬೆವರು ಆರದ ಮೈಗೆ ನಿದ್ದೆ ಎಲ್ಲಿಂದ? ನಿದ್ದೆ ಇಲ್ಲದವರು ಬೆಳಗಾದರೆ ಮತ್ತೆ ಸಾರುವೆ ಹತ್ತಬೇಕು. ಕೆಲಸ ಬಿಟ್ಟರೆ ಕೂಲಿ ಇಲ್ಲ.

2023ರ ನವೆಂಬರಿನಲ್ಲಿ ಆಗಿನ ಮಹಾನಗರ ಪಾಲಿಕೆ ಹವಾಮಾನದ ಕ್ರಿಯಾ ಯೋಜನೆಯೊಂದನ್ನು ಬಿಡುಗಡೆ ಮಾಡಿತು. ಒಳ್ಳೆಯದೇ. ಆದರೆ ಯಾವ ಯೋಜನೆಯನ್ನಾದರೂ ನಾವು ಕೇಳಬೇಕಾದ್ದು ಒಂದೇ: ಗಿಡ ನೆಡುವುದು ಎಲ್ಲಿ? ಮರ ಇದ್ದ ಬಡಾವಣೆಗೇ ಇನ್ನಷ್ಟು ಮರವೋ, ಒಂದೂ ಇಲ್ಲದ ಕೊಳೆಗೇರಿಗೆ ಮೊದಲ ಮರವೋ? ಗುಡಿಸುವವರಿಗೆ ಕೂರಲು ನೆರಳು, ಕುಡಿಯಲು ನೀರು, ಹೋಗಲು ಕಕ್ಕಸು ಇದೆಯೋ? ಸುಡುವ ಹೊತ್ತಿನಲ್ಲಿ ಕೆಲಸ ನಿಲ್ಲಿಸಿದರೆ ಕೂಲಿ ಸಿಗುತ್ತದೋ? ತಗಡು ಹೋಗಿ ಸೂರು ಬರುತ್ತದೋ? 1927ರಲ್ಲಿ ಬಾಬಾಸಾಹೇಬರು ಮಹಾಡಿನಲ್ಲಿ ಚೌದಾರ ಕೆರೆಯ ನೀರು ಕುಡಿದದ್ದು ಬಾಯಾರಿಕೆಗಲ್ಲ, ಊರಿನದ್ದು ಎಲ್ಲರದ್ದು ಎಂಬ ಹಕ್ಕಿಗೆ. ನೆರಳಿನ ಹಕ್ಕೂ ಅದೇ ಜಾತಿಯದು.

ಬರೆಯುವ ಗೆಳೆಯರಿಗೂ ಒಂದು ಮಾತು. ಬಂಡಾಯದ ಕವಿತೆಯಲ್ಲಿ ಸೂರ್ಯ ಕ್ರಾಂತಿಯ ರೂಪಕವಾಗಿ ದುಡಿದು ದುಡಿದು ಸವೆದಿದ್ದಾನೆ. ಅವನಿಗೆ ಸ್ವಲ್ಪ ರಜೆ ಕೊಡೋಣ. ತಗಡಿನ ಕೆಳಗಿನ ರಾತ್ರಿಗೆ ರೂಪಕ ಬೇಕಿಲ್ಲ, ಸಾಕ್ಷಿ ಬೇಕು. ವಿದ್ಯಾರ್ಥಿಗಳು, ಮೇಷ್ಟ್ರುಗಳು ಒಂದು ಉಷ್ಣಮಾಪಕ ತಗೊಂಡು ಕೇರಿಯ ಒಂದು ತಗಡಿನ ಮನೆಯೊಳಗೆ ತೂಗುಹಾಕಿ. ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ನೋಡಿ ಬರೆದಿಡಿ. ಮಾರ್ಚಿಯಿಂದ ಮೇವರೆಗೆ ಬಿಡದೆ ಬರೆಯಿರಿ. ಪಕ್ಕದಲ್ಲಿ ಆ ದಿನದ ಪತ್ರಿಕೆಯ ಅಂಕಿಯನ್ನೂ ಬರೆಯಿರಿ. ಎರಡರ ನಡುವಿನ ಅಂತರವನ್ನು ತಗೊಂಡು ಸರ್ಕಾರಿ ಕಚೇರಿಯ ಮುಂದೆ ಕೂರೋಣ.