ಕಸಬಾದ ಹಾಡು, ಬಾಂಬಿನ ಮೇಲಿನ ಬರಹ

ಕಸಬಾ ಎಂಬ ಪದ ನಮಗೆ ಹೊಸದಲ್ಲ. ಪಹಣಿ ತೆಗೆದು ನೋಡಿದರೆ ಕಸಬಾ ಹೋಬಳಿ ಕಾಣುತ್ತದೆ. ಉರ್ದುವಿನಲ್ಲಿ ಅದು ಪುಟ್ಟ ಪಟ್ಟಣ. ಅರಬಿಯಲ್ಲಿ ಕೋಟೆ, ಕೋಟೆಗೆ ಅಂಟಿದ ಹಳೆಯ ಊರು. 1957ರಲ್ಲಿ ಅಲ್ಜಿಯರ್ಸಿನ ಜನ ಫ್ರೆಂಚ್ ಸೈನಿಕರೊಡನೆ ಬಡಿದಾಡಿದ್ದು ಅಂಥದೊಂದು ಕಸಬಾದ ಗಲ್ಲಿಗಳಲ್ಲಿ. ಇದೇ ಪದವನ್ನು ಎತ್ತಿಕೊಂಡು ಇಂಗ್ಲೆಂಡಿನ 'ದಿ ಕ್ಲ್ಯಾಶ್' ತಂಡ 1982ರಲ್ಲಿ 'ರಾಕ್ ದ ಕಸ್ಬಾ' ಎಂಬ ಹಾಡನ್ನು ಹೊರತಂದಿತು. 1983ರ ಜನವರಿಯಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿತು. ಅಲ್ಲಿನ ಮೊದಲ ಹತ್ತರೊಳಗೆ ಆ ತಂಡ ಕಾಲಿಟ್ಟದ್ದು ಈ ಒಂದೇ ಹಾಡಿನಿಂದ. ಕೇಳಿದ ಮುಸ್ಲಿಮರಿಗೆ ಇದು ನಮ್ಮನ್ನು ಗೇಲಿ ಮಾಡುವ ಹಾಡೇ ಎಂಬ ಅನುಮಾನ ಬಂದರೆ ತಪ್ಪಲ್ಲ. ಹಾಗಾಗಿ ಅದರ ಜಾತಕವನ್ನೇ ಒಮ್ಮೆ ಬಿಡಿಸಿ ನೋಡಬೇಕು.

ರಾಗ ಹಾಕಿದವನು ತಂಡದ ಡ್ರಮ್ಮರ್ ಟಾಪರ್ ಹೆಡನ್. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಡ್ರಮ್ಮು, ಪಿಯಾನೋ, ಬಾಸ್ ಮೂರನ್ನೂ ಅವನೊಬ್ಬನೇ ನುಡಿಸಿ ಮುಗಿಸಿದ್ದ. ಮಾತುಗಳನ್ನು ಬರೆದವನು ಜೋ ಸ್ಟ್ರಮರ್. ತಂಡದ ಮ್ಯಾನೇಜರ್ ಬರ್ನಿ ರೋಡ್ಸ್ ಒಮ್ಮೆ, ನಿಮ್ಮ ಹಾಡುಗಳೆಲ್ಲ ಹಿಂದೂಸ್ತಾನದ ರಾಗದ ಹಾಗೆ ಉದ್ದ ಎಳೆಯಲೇಬೇಕೇ ಎಂದು ಗೊಣಗಿದನಂತೆ. ಸ್ಟ್ರಮರ್ ಆ 'ರಾಗ'ವನ್ನೇ ಹಿಡಿದು ಮೊದಲ ಸಾಲನ್ನು ಕಟ್ಟಿದ. ಉಳಿದದ್ದು ಇರಾನಿನಿಂದ ಬಂತು. ಅಲ್ಲಿ 1979ರ ಜುಲೈಯಲ್ಲಿ ಖೊಮೇನಿಯವರು ರೇಡಿಯೋ, ಟೆಲಿವಿಷನ್‌ಗಳಲ್ಲಿ ಸಂಗೀತವನ್ನು ನಿಲ್ಲಿಸಿದ್ದರು. ಡಿಸ್ಕೋ ರೆಕಾರ್ಡು ಇಟ್ಟುಕೊಂಡವರಿಗೆ ಛಡಿ ಏಟು ಬೀಳುತ್ತಿದೆ ಎಂಬ ಸುದ್ದಿ ಸ್ಟ್ರಮರ್‌ನ ಕಿವಿಗೆ ಬಿದ್ದಿತ್ತು.

ಹಾಡಿನ ಕತೆ ಸರಳ. ರಾಜನೊಬ್ಬ ಸಂಗೀತವನ್ನು ನಿಷೇಧಿಸುತ್ತಾನೆ. ಜನ ಕೇಳುವುದಿಲ್ಲ. ಸಿಟ್ಟಾದ ರಾಜ, ಹಾಡುವವರ ಮೇಲೆ ಬಾಂಬು ಹಾಕಿ ಎಂದು ವಿಮಾನಗಳನ್ನು ಕಳಿಸುತ್ತಾನೆ. ಪೈಲಟ್‌ಗಳು ಮೇಲೇರುತ್ತಾರೆ, ಆದರೆ ಬಾಂಬು ಹಾಕುವ ಬದಲು ತಾವೂ ವಿಮಾನದೊಳಗೆ ಅದೇ ಹಾಡು ಹಚ್ಚಿಕೊಳ್ಳುತ್ತಾರೆ. ನಮ್ಮ ಜನಪದ ಕತೆಗಾರರು ಕೇಳಿದ್ದರೆ ಮೆಚ್ಚುತ್ತಿದ್ದರು. ರಾಜನ ನಿಷೇಧ ಪ್ರವಾದಿಯವರ ಹೆಸರಿನಲ್ಲಿ ಹೊರಡುತ್ತದೆ ಎಂಬುದು ನಮಗೆ ಚುಚ್ಚುತ್ತದೆ, ನಿಜ. ಆದರೆ ಆ ಹೆಸರನ್ನು ಬಳಸುವವನು ರಾಜ. ತನ್ನ ಹುಕುಮನ್ನು ಅಲ್ಲಾಹನ ಹುಕುಮೆಂದು ಸಾರಿದ ದೊರೆಗಳನ್ನು ನಮ್ಮ ಚರಿತ್ರೆ ಕಂಡಿಲ್ಲವೇ? ಸಂಗೀತ ಸಲ್ಲದು ಎಂದ ಉಲಮಾಗಳಿದ್ದಾರೆ, ಸಮಾ ಕೇಳಿ ಕಣ್ಣೀರಿಟ್ಟ ಸೂಫಿಗಳೂ ಇದ್ದಾರೆ. ಆ ವಾಗ್ವಾದ ನಮ್ಮದೇ, ನೂರಾರು ವರ್ಷಗಳದ್ದು.

ನಮ್ಮ ತಕರಾರು ಬೇರೆ ಕಡೆ ಇದೆ. ಶೇಖ್, ಬೆದುಯಿನ್, ಮುಅಜ್ಜಿನ್, ಮಿನಾರು, ಯಹೂದಿಗಳ ಕೋಷರ್ ಕೂಡ, ಕೈಗೆ ಸಿಕ್ಕಿದ್ದನ್ನೆಲ್ಲ ಸ್ಟ್ರಮರ್ ಒಂದೇ ಹಂಡೆಗೆ ಹಾಕಿ ಕಲಕಿದ್ದಾನೆ. ಇರಾನಿನ ಸುದ್ದಿಯಿಂದ ಹುಟ್ಟಿದ ಹಾಡಿಗೆ ಅರಬರ ಉಡುಪು. ಸಂಗೀತ ಸಹಿಸದವನಿಗೆ ಅವನಿಟ್ಟ ಹೆಸರು 'ಶರೀಫ'! ಕನ್ನಡದ ಕಿವಿಗೆ ಇದಕ್ಕಿಂತ ತಮಾಷೆ ಇನ್ನೇನಿದೆ? ನಮ್ಮ ಶರೀಫರು ಶಿಶುನಾಳದವರು, ಹಾಡಿಯೇ ಶರೀಫರಾದವರು. ಸ್ಟ್ರಮರ್ ಹುಟ್ಟಿದ್ದು ಅಂಕಾರದಲ್ಲಿ, ಅವನ ತಂದೆ ಹುಟ್ಟಿದ್ದು ನಮ್ಮ ಲಖನೌದಲ್ಲಿ. ಅಂಥವನೂ ಪೂರ್ವವೆಂದರೆ ಒಂದೇ ಮರಳುಗಾಡು ಎಂಬಂತೆ ಬರೆದುಬಿಟ್ಟ. ಡಾನ್ ಲೆಟ್ಸ್ ಟೆಕ್ಸಾಸಿನಲ್ಲಿ ಚಿತ್ರಿಸಿದ ವಿಡಿಯೋದಲ್ಲಿ ಒಬ್ಬ ಅರಬ, ಒಬ್ಬ ಯಹೂದಿ ಜೊತೆಯಾಗಿ ಸಂಗೀತ ಕಛೇರಿಗೆ ಹೋಗುತ್ತಾರೆ. ಸ್ನೇಹದ ಚಿತ್ರವೇ, ಆದರೆ ಇಬ್ಬರೂ ವ್ಯಂಗ್ಯಚಿತ್ರದಿಂದ ಎದ್ದುಬಂದವರು. ರಾಗ ಕಟ್ಟಿದ ಹೆಡನ್ ಅದರಲ್ಲಿಲ್ಲ. ಹೆರಾಯಿನ್ ಚಟದಿಂದಾಗಿ 1982ರ ಮೇ ತಿಂಗಳಲ್ಲೇ ಅವನನ್ನು ತಂಡದಿಂದ ಹೊರಹಾಕಿದ್ದರು. ಅವನ ಜಾಗದಲ್ಲಿ ಟೆರಿ ಚೈಮ್ಸ್ ಕೂತಿದ್ದಾನೆ.

ಈ ಕಲಬೆರಕೆ ಬರೀ ಅಜ್ಞಾನವಾಗಿ ಉಳಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಯಾವ ದೇಶವೂ ಅಲ್ಲದ ಕಸಬಾವನ್ನು ಯಾವ ದೇಶದ ಮೇಲಾದರೂ ಹೊರಿಸಬಹುದು. 1991ರ ಕೊಲ್ಲಿ ಯುದ್ಧದಲ್ಲಿ ಆದದ್ದು ಅದೇ. ಅಮೆರಿಕದ ಸೇನಾ ರೇಡಿಯೋ ತನ್ನ ಸೈನಿಕರಿಗೆ ಈ ಹಾಡನ್ನು ಕೇಳಿಸಿತು. ಇರಾಕಿನ ಮೇಲೆ ಬೀಳಲಿದ್ದ ಬಾಂಬೊಂದರ ಮೈಮೇಲೆ ಹಾಡಿನ ಹೆಸರನ್ನು ಬರೆದಿದ್ದರು ಎಂಬ ಸುದ್ದಿ ತಿಳಿದು ಸ್ಟ್ರಮರ್ ಅತ್ತನೆಂದು ಅವನ ಹತ್ತಿರದವರು ಹೇಳಿದ್ದಾರೆ. ಅಳುವುದಕ್ಕೆ ಕಾರಣವಿತ್ತು. ಹಾಡಿನ ಪೈಲಟ್‌ಗಳು ಬಾಂಬು ಹಾಕಲಿಲ್ಲ. ಇಡೀ ಕತೆ ನಿಂತಿರುವುದೇ ಆ ಒಂದು ಅವಿಧೇಯತೆಯ ಮೇಲೆ. ಅದನ್ನು ಕಿತ್ತೆಸೆದು ಹೆಸರನ್ನಷ್ಟೇ ಉಳಿಸಿಕೊಂಡರೆ 'ರಾಕ್' ಎಂಬ ಮಾತು ಕುಣಿಸು ಎನ್ನುವುದನ್ನು ಬಿಟ್ಟು ಅಲುಗಾಡಿಸಿ ಬೀಳಿಸು ಎನ್ನತೊಡಗುತ್ತದೆ. ಅದೇ ವರ್ಷ ಬ್ರಿಟನ್ನಿನಲ್ಲಿ ಮತ್ತೆ ಬಿಡುಗಡೆಯಾದಾಗ ಅದು 15ನೇ ಸ್ಥಾನಕ್ಕೆ ಬಂತು. ಮೊದಲ ಸಲ ಅಲ್ಲಿ 30ರಲ್ಲೇ ನಿಂತಿತ್ತು.

ಹತ್ತು ವರ್ಷಗಳ ನಂತರ ಇನ್ನೊಂದು ಸೋಜಿಗ. 2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೆ ಅಮೆರಿಕದ ಕ್ಲಿಯರ್ ಚಾನಲ್ ಕಂಪನಿಯ ರೇಡಿಯೋ ಕೇಂದ್ರಗಳಲ್ಲಿ, ಸದ್ಯಕ್ಕೆ ಹಾಕದಿರುವುದು ಒಳ್ಳೆಯದೆಂಬ ಹಾಡುಗಳ ಪಟ್ಟಿಯೊಂದು ಸುತ್ತಾಡಿತು. ಅದರಲ್ಲಿ ಇದೂ ಇತ್ತು. ನಿಷೇಧವನ್ನು ಅಣಕಿಸಿದ ಹಾಡನ್ನು ತಡೆಯಲು ಈ ಸಲ ಶರೀಫ ಬೇಕಾಗಲಿಲ್ಲ. ಐದು ವರ್ಷ ಕಳೆದು, 2006ರಲ್ಲಿ, ಅಲ್ಲಿನ ಬಲಪಂಥೀಯ ಪತ್ರಿಕೆ 'ನ್ಯಾಷನಲ್ ರಿವ್ಯೂ' ತನ್ನ ಮೆಚ್ಚಿನ ಐವತ್ತು ರಾಕ್ ಹಾಡುಗಳಲ್ಲಿ ಇದಕ್ಕೆ 20ನೇ ಸ್ಥಾನ ಕೊಟ್ಟು ಹರಸಿತು. ಎಡಪಂಥೀಯನಾಗಿಯೇ ಬದುಕಿದ ಸ್ಟ್ರಮರ್ 2002ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದ. ಈ ಆಶೀರ್ವಾದವನ್ನು ನೋಡುವ ಕಷ್ಟ ಅವನಿಗೆ ತಪ್ಪಿತು.

ನಮ್ಮ ಮಟ್ಟಿಗೆ ಈ ಹಾಡಿಗೆ ಸರಿಯಾದ ವಿಮರ್ಶೆ ಬರೆದವನು ರಶೀದ್ ತಾಹಾ. ಅಲ್ಜೀರಿಯಾದಲ್ಲಿ ಹುಟ್ಟಿ, ಹತ್ತರ ವಯಸ್ಸಿಗೆ ಫ್ರಾನ್ಸಿಗೆ ವಲಸೆ ಹೋದ ಹಾಡುಗಾರ ಅವನು. 1981ರಲ್ಲಿ ಕ್ಲ್ಯಾಶ್ ತಂಡ ಪ್ಯಾರಿಸಿಗೆ ಬಂದಾಗ ತನ್ನ ತಂಡದ ಕ್ಯಾಸೆಟ್ಟನ್ನು ಅವರ ಕೈಗಿಟ್ಟಿದ್ದೆ, ಈ ಹಾಡಿಗೆ ಅದರ ಸೋಂಕು ತಗುಲಿರಬಹುದು ಎಂದು ಹೇಳಿಕೊಳ್ಳುತ್ತಿದ್ದ. 2004ರ 'ತೇಕಿತುವಾ' ಆಲ್ಬಮ್ಮಿನಲ್ಲಿ ಅವನು ಇದನ್ನು ಅರಬಿಯಲ್ಲಿ 'ರಾಕ್ ಎಲ್ ಕಸ್ಬಾ' ಎಂದು ಹಾಡಿದ. ಒರಟು, ಬೀಡಿ ಎಳೆದಂಥ ದನಿ. ಸ್ಟ್ರಮರ್‌ನ ಬಾಯಲ್ಲಿ ವೇಷದ ಸಾಮಾನುಗಳಾಗಿದ್ದ ಪದಗಳು ಇಲ್ಲಿ ಬೀದಿಯ ಮಾತಾಗುತ್ತವೆ. ರಾಜನ ಮೇಲಿನ ಸಿಟ್ಟು ಆ ರಾಜನ ಪ್ರಜೆಯದೇ ಸಿಟ್ಟಾಗಿ ಕೇಳಿಸುತ್ತದೆ. ಆಮೇಲೆ ಲಂಡನ್ನಿನ ವೇದಿಕೆಯಲ್ಲಿ ಕ್ಲ್ಯಾಶ್‌ನ ಗಿಟಾರ್ ವಾದಕ ಮಿಕ್ ಜೋನ್ಸ್ ತಾಹಾನ ಪಕ್ಕದಲ್ಲಿ ನಿಂತು ತಮ್ಮದೇ ಹಾಡಿಗೆ ಗಿಟಾರ್ ನುಡಿಸಿದ. ಮಾತು ಅರಬಿಯದು, ಮುಂದಾಳು ತಾಹಾ.