ಜಪಾನೀ ಭಾಷೆಯ ಉನ್ನತ ವ್ಯಾಸಂಗ: ಚರಿತ್ರೆಯ ದೃಷ್ಟಿಯಿಂದ ಒಂದು ವಿಮರ್ಶೆ

ಪರಭಾಷೆಯೊಂದನ್ನು ಕಲಿಯುವವನ ಉದ್ದೇಶ ಮೂರು ಬಗೆಯದಾಗಿರಬಹುದು: ಜೀವನೋಪಾಯ, ಸಾಹಿತ್ಯಾಸ್ವಾದ, ಶಾಸ್ತ್ರಾನ್ವೇಷಣೆ. ನಮ್ಮ ನಾಡಿನಲ್ಲಿ ಜಪಾನೀ ಭಾಷೆಗೆ ದೊರೆತಿರುವ ಮನ್ನಣೆ ಬಹುಮಟ್ಟಿಗೆ ಮೊದಲನೆಯ ಉದ್ದೇಶದಿಂದ ಬಂದುದು. ಚಾಮರಾಜನಗರ, ಗುಂಡ್ಲುಪೇಟೆಗಳ ಪದವೀಧರನು ಬೆಂಗಳೂರಿನ ಉದ್ಯಮಗಳತ್ತ ನೋಡಿ ಈ ಭಾಷೆಯನ್ನು ಕಲಿಯಬಯಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಐದು ಮೆಟ್ಟಿಲುಗಳ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಕೊನೆಯದಾದ ‘ಎನ್-1’ ಅನ್ನು ದಾಟಿದುದನ್ನೇ ಉನ್ನತ ವ್ಯಾಸಂಗವೆಂದು ಭಾವಿಸುವುದು ಸರಿಯೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಆ ಪರೀಕ್ಷೆ ಇಂದಿನ ಭಾಷೆಯ ಶಬ್ದ, ವ್ಯಾಕರಣಗಳ ಜ್ಞಾನವನ್ನೂ ಓದಿ, ಕೇಳಿ ಗ್ರಹಿಸುವ ಶಕ್ತಿಯನ್ನೂ ಅಳೆಯುತ್ತದೆ; ಅಭ್ಯರ್ಥಿಯು ಒಂದು ವಾಕ್ಯವನ್ನೂ ಸ್ವತಃ ರಚಿಸಬೇಕಾಗಿಲ್ಲ. ಅದು ವ್ಯಾಸಂಗದ ಹೊಸ್ತಿಲೇ ಹೊರತು ಒಳಮನೆಯಲ್ಲ.

ಹಾಗಾದರೆ ಒಳಮನೆ ಯಾವುದು? ಇದನ್ನು ತಿಳಿಯಲು ಎದುರು ದಿಕ್ಕಿನಿಂದ ನೋಡುವುದು ಮೇಲು. ಜಪಾನಿನ ವಿದ್ವಾಂಸರು ದಕ್ಷಿಣ ಭಾರತದ ಭಾಷೆಗಳನ್ನು ಕಲಿತು ಸಾಧಿಸಿದುದೇನು ಎಂಬುದನ್ನು ಪರಿಶೀಲಿಸಿದರೆ, ನಾವು ಅವರ ಭಾಷೆಯನ್ನು ಕಲಿತು ಸಾಧಿಸಬೇಕಾದುದು ಏನೆಂಬುದು ಸ್ಪಷ್ಟವಾಗುತ್ತದೆ.

ನೊಬೊರು ಕರಶಿಮ (1933–2015) ಅವರ ಹೆಸರು ಶಾಸನಾಭ್ಯಾಸಿಗಳಿಗೆ ಪರಿಚಿತವಾದುದು. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಶಾಸನಶಾಸ್ತ್ರವನ್ನು ಅಭ್ಯಸಿಸಿದ ಇವರು ತಮಿಳು ಶಾಸನಗಳನ್ನು ಮೂಲದಲ್ಲಿಯೇ ಓದಿದರು. ಚೋಳರ ಕಾಲದ ಅಲ್ಲೂರು, ಈಶಾನಮಂಗಲ ಎಂಬ ಎರಡು ಗ್ರಾಮಗಳನ್ನು ಹೋಲಿಸಿ 1966ರಲ್ಲಿ ಇವರು ಮಂಡಿಸಿದ ಪ್ರಬಂಧ ಚಿಕ್ಕದಾದರೂ ಅದರ ಪರಿಣಾಮ ದೊಡ್ಡದು. ಬ್ರಹ್ಮದೇಯವಾಗಿದ್ದ ಈಶಾನಮಂಗಲದಲ್ಲಿ ಭೂಮಿ ವ್ಯಕ್ತಿಗಳ ಸ್ವತ್ತಾಗಿದ್ದಿತು. ಅಲ್ಲೂರಿನಲ್ಲಿ ಊರವರು ಸಮೂಹವಾಗಿ ಅದನ್ನು ಅನುಭವಿಸುತ್ತಿದ್ದರು. ಈ ನಿರ್ಣಯಕ್ಕೆ ಆಧಾರ ದಾನ-ಕ್ರಯ ಶಾಸನಗಳಲ್ಲಿ ಮಾರಿದವರು ಯಾರು, ಕೊಂಡವರು ಯಾರು ಎಂಬ ಸೂಕ್ಷ್ಮ ಪರಿಶೀಲನೆ. ಮುಂದೆ ವೈ. ಸುಬ್ಬರಾಯಲು ಮತ್ತು ತೋರು ಮಾತ್ಸುಯಿ ಅವರೊಡಗೂಡಿ ಚೋಳ ಶಾಸನಗಳಲ್ಲಿ ಬರುವ ವ್ಯಕ್ತಿನಾಮಗಳ ಸೂಚಿಯನ್ನು 1978ರಲ್ಲಿ ಹೊರತಂದರು. ರಾಜರ ವಂಶಾವಳಿಗೆ ಸೀಮಿತವಾಗಿದ್ದ ಶಾಸನಾಧ್ಯಯನ ಈ ಮೂಲಕ ಸಾಮಾನ್ಯ ಜನರ ಕಡೆಗೆ ತಿರುಗಿತು.

ಈ ವಿಧಾನವನ್ನು ನಾವು ವಿಮರ್ಶೆಯಿಲ್ಲದೆ ಒಪ್ಪಬೇಕಾಗಿಲ್ಲ. ಕಲ್ಲಿನ ಮೇಲೆ ಉಳಿದುದು ಹೆಚ್ಚಾಗಿ ದೇವಾಲಯಕ್ಕೆ ಸಂಬಂಧಿಸಿದ ವ್ಯವಹಾರ. ಒಂದು ಹೆಸರು ಎಷ್ಟು ಬಾರಿ ಬಂದಿದೆ ಎಂಬ ಲೆಕ್ಕ ಸಮಾಜದ ಸ್ಥಿತಿಯನ್ನು ಹೇಳುವಷ್ಟೇ ಶಾಸನ ಹಾಕಿಸುವ ರೂಢಿಯನ್ನೂ ಹೇಳುತ್ತದೆ. ಆದರೂ ನಮ್ಮ ಸೀಮೆಗೆ ಈ ವಿಧಾನ ಒಗ್ಗುವುದರಲ್ಲಿ ಸಂದೇಹವಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1898ರ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಪರಿಷ್ಕೃತ ಸಂಪುಟಗಳು ಮೈಸೂರಿನಿಂದ 1974 ಮತ್ತು 1975ರಲ್ಲಿ ಹೊರಬಂದವು. ಗಂಗ, ಚೋಳ, ಹೊಯ್ಸಳ, ವಿಜಯನಗರಗಳ ಆಳ್ವಿಕೆಯನ್ನು ಕಂಡ ಈ ಗಡಿಸೀಮೆಯಲ್ಲಿ ಕನ್ನಡ ಶಾಸನಗಳೊಡನೆ ತಮಿಳು ಶಾಸನಗಳೂ ಉಂಟು. ಅಲ್ಲೂರಿನ ಬಗೆಗೆ ಕೇಳಿದ ಪ್ರಶ್ನೆಯನ್ನು ತೆರಕಣಾಂಬಿಯ ಬಗೆಗೂ ಹರದನಹಳ್ಳಿಯ ಬಗೆಗೂ ಕೇಳಬಹುದಷ್ಟೆ.

ಎರಡನೆಯ ನಿದರ್ಶನ ನಮಗೆ ಇನ್ನೂ ಸಮೀಪದ್ದು. ಆಯಾ ಇಕೆಗಾಮೆ ಅವರು ಮೈಸೂರು ಅರಸುಮನೆತನವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥ 2013ರಲ್ಲಿ ಪ್ರಕಟವಾಯಿತು. ಬ್ರಿಟಿಷರ ಅಧೀನದಲ್ಲಿದ್ದ ಸಂಸ್ಥಾನಗಳ ರಾಜತ್ವ ಪೊಳ್ಳು ಕಿರೀಟವಾಗಿತ್ತೆಂಬ ನಿಕೊಲಾಸ್ ಡರ್ಕ್ಸ್ ಅವರ ವಾದವನ್ನು ಇದು ಪ್ರಶ್ನಿಸುತ್ತದೆ. ರಾಜ್ಯಾಧಿಕಾರ ಕುಗ್ಗಿದರೂ ರಾಜತ್ವ ಜನಜೀವನದಲ್ಲಿ ಹೊಸ ರೂಪಗಳನ್ನು ತಳೆದು ಬಾಳಿತೆಂಬುದು ಅದರ ಪ್ರತಿಪಾದನೆ. ನಮ್ಮ ಊರಿನ ಹೆಸರೇ ಈ ವಾದಕ್ಕೆ ಪೋಷಕವಾಗಿದೆಯೆಂದು ನನ್ನ ಅಭಿಪ್ರಾಯ. 1776ರಲ್ಲಿ ಹೈದರನು ಆರಿಸಿ ಪಟ್ಟಕ್ಕೆ ಕೂರಿಸಿದ ಚಾಮರಾಜ ಒಡೆಯರಿಗೆ ಆಳುವ ಅಧಿಕಾರವಿರಲಿಲ್ಲ. ಅವರ ಪುತ್ರ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಜನ್ಮಸ್ಥಳವಾದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅಧಿಕಾರವಿಲ್ಲದೆ ಅಳಿದ ಅರಸನ ಹೆಸರು ಊರಾಗಿ, ದೇವರಾಗಿ ಉಳಿಯಿತು. ಇಂತಹ ಪುರಾವೆಯ ನಡುವೆಯೇ ಬಾಳುವ ನಮಗೆ ಇದನ್ನು ವಿಚಾರಮಾಡುವ ಪ್ರೇರಣೆ ಹೊರಗಿನ ವಿದುಷಿಯೊಬ್ಬರಿಂದ ಬರಬೇಕಾಯಿತು.

ಇನ್ನು ನಾವು ಜಪಾನನ್ನು ಅರಿತ ಬಗೆಯನ್ನು ನೋಡೋಣ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಆ ದೇಶವನ್ನು ಸಂದರ್ಶಿಸಿದರು; 1920ರಲ್ಲಿ ಪ್ರಕಟವಾದ ಅವರ ಭಾರತ ಪುನರ್ನಿರ್ಮಾಣದ ಗ್ರಂಥದಲ್ಲಿ ಜಪಾನಿನ ಉದಾಹರಣೆ ಮತ್ತೆ ಮತ್ತೆ ಬರುತ್ತದೆ. ಅವರ ಉದ್ದೇಶಕ್ಕೆ ಅಂಕಿ-ಅಂಶಗಳೂ ಕಣ್ಣಾರೆ ಕಂಡುದೂ ಸಾಕಾಗಿದ್ದವು. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಅಷ್ಟು ಸಾಲದು. ನಮ್ಮ ತರಗತಿಗಳಲ್ಲಿ ಬೋಧಿಸುವ ಜಪಾನಿನ ಚರಿತ್ರೆ ಇಂದಿಗೂ ಇಂಗ್ಲಿಷ್ ಪಠ್ಯಗಳಿಂದ ಬಂದುದು. ಕರಶಿಮ ಅವರು ಅಲ್ಲೂರಿನ ಕಲ್ಲನ್ನು ಓದಿದಂತೆ ಜಪಾನಿನ ಹಳ್ಳಿಯೊಂದರ ದಫ್ತರವನ್ನು ಓದುವ ಗುರಿಯನ್ನು ನಾವು ವಿದ್ಯಾರ್ಥಿಗಳ ಮುಂದೆ ಇಟ್ಟಿಲ್ಲ.

ಆ ಓದಿಗೆ ಬೇಕಾದ ಸಿದ್ಧತೆ ಕಠಿನವೇ ಸರಿ. ನಿತ್ಯ ಬಳಕೆಗೆಂದು 2010ರಲ್ಲಿ ನಿಗದಿಯಾದ 2,136 ಚೀನೀ ಲಿಪಿಚಿಹ್ನೆಗಳು ಕೇವಲ ಆರಂಭ. ಅದರ ಮೇಲೆ ಹಳೆಯ ವ್ಯಾಕರಣ, ‘ಕನ್‌ಬುನ್’ ಎಂಬ ಚೀನೀ ಶೈಲಿಯ ಬರವಣಿಗೆ, ಕಾಗದಪತ್ರಗಳಿಗೆ ಮೀಸಲಾದ ‘ಸೋರೋಬುನ್’ ಶೈಲಿ, ‘ಕುಜುಶಿಜಿ’ ಎಂಬ ಕೂಡುಬರಹ ಇವೆಲ್ಲವೂ ಬರಬೇಕು. ಹಳಗನ್ನಡ, ಸಂಸ್ಕೃತ, ಮೋಡಿ ಲಿಪಿಗಳಿಲ್ಲದೆ ನಮ್ಮ ಕಡತಗಳು ಬಾಯಿ ಬಿಡುತ್ತವೆಯೆ? ಉನ್ನತ ವ್ಯಾಸಂಗವೆಂದರೆ ಇದು.

ಕನ್ನಡಿಗನಿಗೆ ಇಲ್ಲಿ ಕೆಲವು ಅನುಕೂಲಗಳೂ ಉಂಟು. ಜಪಾನೀ ವಾಕ್ಯದಲ್ಲಿಯೂ ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿಸೂಚಕಗಳು ನಾಮಪದದ ಹಿಂದೆ ನಿಲ್ಲುತ್ತವೆ. ‘ತಿಂದು ನೋಡು’ ಎಂಬಲ್ಲಿ ‘ನೋಡು’ ಹೇಗೆ ಪರೀಕ್ಷಾರ್ಥವನ್ನು ಕೊಡುತ್ತದೆಯೋ ‘ತಾಬೆತೆ ಮಿರು’ ಎಂಬಲ್ಲಿ ನೋಡುವ ಅರ್ಥದ ‘ಮಿರು’ ಹಾಗೆಯೇ ಕೊಡುತ್ತದೆ. ನಮ್ಮ ‘ಎಂದು’ ಮಾಡುವ ಕೆಲಸವನ್ನು ಅವರ ‘ತೊ’ ಮಾಡುತ್ತದೆ. ಬೌದ್ಧ ಗ್ರಂಥಗಳೊಡನೆ ಹೋದ ಸಿದ್ಧಂ ಲಿಪಿಯ ಅಭ್ಯಾಸದಿಂದ ಅವರ ಅಕ್ಷರಮಾಲೆಯೂ ಅ, ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮವನ್ನು ಪಡೆಯಿತು. ಚಕಾರದ ಸ್ಥಾನದಲ್ಲಿ ಸಕಾರ, ಪಕಾರದ ಸ್ಥಾನದಲ್ಲಿ ಹಕಾರ ನಿಂತಿರುವುದನ್ನು ಗಮನಿಸಬಹುದು. ಆದರೆ ಇಂತಹ ಸಾಮ್ಯದಿಂದ ಎರಡೂ ಭಾಷೆಗಳು ಒಂದೇ ಮೂಲದವೆಂದು ಸಾರುವುದು ಅವಸರದ ಮಾತು. ತಮಿಳು-ಜಪಾನೀ ಸಂಬಂಧವನ್ನು ಸುಸುಮು ಓನೊ (1919–2008) ದೀರ್ಘಕಾಲ ಪ್ರತಿಪಾದಿಸಿದರೂ ಬಹುಮಂದಿ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಕಲಿಕೆಗೆ ಸಹಾಯವಾದುದು ಚರಿತ್ರೆಗೆ ಪ್ರಮಾಣವಾಗಲಾರದು.

ಇಷ್ಟು ಶ್ರಮಪಟ್ಟು ನಮ್ಮ ವಿದ್ಯಾರ್ಥಿ ಓದಬೇಕಾದುದೇನು ಎಂದು ಕೇಳಬಹುದು. ಉತ್ತರ ನಮ್ಮ ಹಿಪ್ಪುನೇರಳೆ ತೋಟಗಳಲ್ಲಿಯೇ ಇದೆ. ಚಾಮರಾಜನಗರ, ಕೊಳ್ಳೇಗಾಲಗಳ ರೇಷ್ಮೆ ವ್ಯವಸಾಯ ಪ್ರಸಿದ್ಧವಾದುದು. ದ್ವಿತಳಿ ರೇಷ್ಮೆಯನ್ನು ಬೆಳೆಸಲು ಜಪಾನಿನ ತಾಂತ್ರಿಕ ಸಹಕಾರ ಕರ್ನಾಟಕದಲ್ಲಿ 1991ರಲ್ಲಿ ಆರಂಭವಾಯಿತು. ಆ ತಂತ್ರದ ಹಿಂದೆ ಶತಮಾನಗಳ ಗ್ರಾಮಾನುಭವವಿದೆ. ಮೊರಿಕುನಿ ಉಎಗಾಕಿ ರಚಿಸಿದ ‘ಯೋಸಾನ್ ಹಿರೊಕು’ ಎಂಬ ರೇಷ್ಮೆಹುಳು ಸಾಕಣೆಯ ಗ್ರಂಥ 1803ರಲ್ಲಿ ಅಚ್ಚಾಯಿತು. ಫ್ರಾನ್ಸಿನವರು 1848ರಲ್ಲಿಯೇ ಅದನ್ನು ತಮ್ಮ ಭಾಷೆಗೆ ತಂದುಕೊಂಡರು. ಅಲ್ಲಿನ ಹೆಂಗಸರ ದುಡಿಮೆ, ಗೂಡಿನ ವ್ಯಾಪಾರ, ಸಾಲ, ತೆರಿಗೆಗಳನ್ನು ನಮ್ಮ ಸೀಮೆಯವುಗಳೊಡನೆ ಮೂಲ ಆಧಾರಗಳಿಂದ ಹೋಲಿಸಬಲ್ಲವನು ತಂತ್ರವನ್ನು ಪಡೆದ ನಾಡಿನ ಚರಿತ್ರೆಯನ್ನೂ ಕೊಟ್ಟ ನಾಡಿನ ಚರಿತ್ರೆಯನ್ನೂ ಒಟ್ಟಿಗೆ ಬರೆಯಬಲ್ಲನು.

ತಮಿಳು, ಮಲೆಯಾಳಗಳನ್ನು ಸಂತೆಯಲ್ಲಿಯೇ ಕಲಿತುಬಿಡುವ ಗುಂಡ್ಲುಪೇಟೆಯ ಹುಡುಗನಿಗೆ ಭಾಷೆಯ ಭಯ ಕಡಮೆ. ಅವನಿಗೆ ಕೊರತೆಯಾಗಿರುವುದು ಗುರಿ. ಭಾಷಾ ವಿಭಾಗವೂ ಚರಿತ್ರೆಯ ವಿಭಾಗವೂ ಕೂಡಿ ಮೊದಲು ಸಂಶೋಧನೆಯ ಪ್ರಶ್ನೆಯನ್ನು ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಹಳೆಯ ಜಪಾನೀಯನ್ನೂ ಲಿಪಿಪರಿಚಯವನ್ನೂ ಐದಾರು ವರ್ಷಗಳ ಕ್ರಮದಲ್ಲಿ ಬೋಧಿಸಿದರೆ, ಪ್ರತಿ ವರ್ಷ ಒಬ್ಬಿಬ್ಬರೇ ಸಿದ್ಧರಾದರೂ ಸಾಕು. ನಮ್ಮ ಚರಿತ್ರೆಯನ್ನು ಅನ್ಯರು ಬರೆದರೆಂದು ಅಸೂಯೆಪಡಬೇಕಾಗಿಲ್ಲ. ಅವರ ಚರಿತ್ರೆಯನ್ನು ಅದೇ ಶ್ರದ್ಧೆಯಿಂದ ಓದದೆ ಇರುವುದು ಮಾತ್ರ ವಿದ್ಯೆಯಲ್ಲಿ ತೀರದ ಸಾಲ.